ಹೈಸ್ಕೂಲ್ ನಾಟಕ: ಪದೇ ಪದೇ ಕೇಳುವ ಪ್ರಶ್ನೆಗಳು

ಹೈಸ್ಕೂಲ್ ಮಕ್ಕಳಿಗೆ ನಾಟಕ ಮಾಡಿಸಲು ಶುರು ಮಾಡಿದಾಗಿನಿಂದ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ತಾಲೀಮಿನ ಮಧ್ಯೆ ಮಕ್ಕಳು ಕೇಳಿದ್ದು, ಚೀಟಿಯಲ್ಲಿ ಬರೆದು ಕೈಗಿಟ್ಟದ್ದು, ಬೇರೆ ಶಾಲೆಗಳ ಮೇಷ್ಟ್ರು-ಮೇಡಂಗಳು ಪತ್ರ ಬರೆದು ವಿಚಾರಿಸಿದ್ದು ಎಲ್ಲವನ್ನೂ ಇಲ್ಲಿ ಒಟ್ಟು ಹಾಕಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಉತ್ತರಗಳು ನನ್ನವು, ಎಲ್ಲ ನಿರ್ದೇಶಕರೂ ಒಪ್ಪಲಿಕ್ಕಿಲ್ಲ.

## ಶುರು ಮಾಡುವ ಮೊದಲು

ನಮ್ಮ ಶಾಲೇಲಿ ಇದುವರೆಗೂ ಯಾರೂ ನಾಟಕ ಮಾಡಿಲ್ಲ. ಎಲ್ಲಿಂದ ಶುರು ಮಾಡ್ಬೇಕು ಸರ್?

ಕ್ಯಾಲೆಂಡರಿನಿಂದ. ಯಾವ ನಾಟಕ ಅನ್ನುವುದು ಆಮೇಲೆ. ನನ್ನ ಒರಟು ಲೆಕ್ಕ ಹೀಗಿದೆ: ರಂಗದ ಮೇಲಿನ ಒಂದು ನಿಮಿಷಕ್ಕೆ ಒಂದು ಗಂಟೆ ತಾಲೀಮು. 40 ನಿಮಿಷದ ನಾಟಕಕ್ಕೆ 40 ಗಂಟೆ. ವಾರಕ್ಕೆ ಮೂರು ದಿನ, ದಿನಕ್ಕೆ ಒಂದೂವರೆ ಗಂಟೆ ಸಿಕ್ಕರೆ ಒಂಬತ್ತು ವಾರ. ನಡುವೆ ಪರೀಕ್ಷೆ, ರಜೆ, ಜ್ವರ, ಆಟೋಟ ಎಲ್ಲ ನುಗ್ಗುತ್ತವೆ. ಹನ್ನೊಂದು ವಾರ ಅಂತಲೇ ಹಿಡಿಯಿರಿ. ಐದೇ ವಾರ ಇದ್ದರೆ 20 ನಿಮಿಷದ್ದನ್ನು ಆರಿಸಿ. ಚಿಕ್ಕ ನಾಟಕ ಆಡಿದ್ದಕ್ಕೆ ಯಾರೂ ಬೈಯುವುದಿಲ್ಲ, ಉದ್ದದ್ದನ್ನು ಅರೆಬರೆ ಆಡಿದರೆ ಬೈಯುತ್ತಾರೆ.

ಎರಡನೆಯ ಕೆಲಸ, ಆಡುವ ರಂಗದ ಉದ್ದಗಲವನ್ನು ಟೇಪು ಹಿಡಿದು ಅಳೆಯುವುದು. ತಾಲೀಮಿನ ಕೋಣೆಯ ನೆಲದ ಮೇಲೆ ಅದೇ ಅಳತೆಗೆ ಸೀಮೆಸುಣ್ಣದ ಗೆರೆ ಎಳೆಯಿರಿ. ದೊಡ್ಡ ಬಯಲಲ್ಲಿ ಎರಡು ತಿಂಗಳು ಓಡಾಡಿ ಅಭ್ಯಾಸವಾದವರು ಕೊನೇ ದಿನ ಚಿಕ್ಕ ವೇದಿಕೆ ಹತ್ತಿದರೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾರೆ.

ಇಂಟರ್ನೆಟ್ಟಲ್ಲಿ ಒಂದು ಸ್ಕ್ರಿಪ್ಟ್ ಸಿಕ್ಕಿದೆ. ಶಾಲೆಯ ನಾಟಕ ತಾನೇ, ಹಾಗೇ ಆಡಬಹುದಲ್ವಾ?

ಸಿಕ್ಕಿದ್ದೆಲ್ಲ ನಮ್ಮದಲ್ಲ. ಬರಹಗಾರರ ಹಕ್ಕು ಕಾಯುವ ಬರ್ನ್ ಒಪ್ಪಂದಕ್ಕೆ (1886) ಸೇರಿದ ದೇಶಗಳಲ್ಲಿ ನಾಟಕಕಾರ ತೀರಿಕೊಂಡ ಮೇಲೂ ಕನಿಷ್ಠ 50 ವರ್ಷ ಕೃತಿಸ್ವಾಮ್ಯ (ಕಾಪಿರೈಟ್) ಉಳಿಯುತ್ತದೆ. ಹಲವು ದೇಶಗಳಲ್ಲಿ ಅದು 60 ಅಥವಾ 70 ವರ್ಷ. ಮೂಲ ನಾಟಕ ಶತಮಾನಗಳಷ್ಟು ಹಳೆಯದಾಗಿದ್ದರೂ ನಿಮ್ಮ ಕೈಯಲ್ಲಿರುವ ಅನುವಾದ ಹೊಸದಿದ್ದರೆ ಅನುವಾದಕರ ಹಕ್ಕು ಬೇರೆಯೇ ಇರುತ್ತದೆ. ಜನ ಎಡವುವುದು ಹೆಚ್ಚಾಗಿ ಇಲ್ಲೇ. ತರಗತಿಯೊಳಗಿನ ಪ್ರದರ್ಶನಕ್ಕೆ ಕೆಲವು ಕಡೆ ಕಾನೂನು ರಿಯಾಯಿತಿ ಕೊಡುತ್ತದೆ, ಆದರೆ ಟಿಕೆಟ್ಟು ಇಟ್ಟರೆ, ವಿಡಿಯೋ ಮಾಡಿ ಹಾಕಿದರೆ ಲೆಕ್ಕ ಬದಲಾಗುತ್ತದೆ. ಹಕ್ಕು ಇರುವವರಿಗೆ ಒಂದು ಪತ್ರ ಬರೆಯಿರಿ: ಯಾವ ಶಾಲೆ, ಎಷ್ಟು ಪ್ರದರ್ಶನ, ಟಿಕೆಟ್ಟು ಇದೆಯೇ, ಏನಾದರೂ ಕತ್ತರಿಸುತ್ತೀರಾ, ಚಿತ್ರೀಕರಣ ಉಂಟೇ. ಶಾಲೆ ಅಂದ ಕೂಡಲೇ ಖುಷಿಯಿಂದ ಒಪ್ಪಿದ ನಾಟಕಕಾರರೇ ನನಗೆ ಹೆಚ್ಚು ಸಿಕ್ಕಿದ್ದಾರೆ.

28 ಜನ ಇದ್ದೀವಿ, ಇರೋದು ಏಳೇ ಪಾತ್ರ. ಉಳಿದವರು ಮರ-ಗಿಡ ಆಗ್ಬೇಕಾ?

ದಯವಿಟ್ಟು ಬೇಡ. ಕೈ ಚಾಚಿಕೊಂಡು ಅರ್ಧ ಗಂಟೆ ಮರವಾಗಿ ನಿಂತ ಹುಡುಗ ಮುಂದಿನ ವರ್ಷ ಆ ಕಡೆ ತಲೆ ಹಾಕುವುದಿಲ್ಲ.

ಮೇಳ ಕಟ್ಟಿ. ಪ್ರಾಚೀನ ಗ್ರೀಕರ ದುರಂತ ನಾಟಕಗಳಲ್ಲಿ ಮಾತನಾಡುವ ನಟರು ಸಾಮಾನ್ಯವಾಗಿ ಮೂವರನ್ನು ದಾಟುತ್ತಿರಲಿಲ್ಲ. ಎರಡನೆಯವನನ್ನು ನಾಟಕಕಾರ ಈಸ್ಕಿಲಸ್, ಮೂರನೆಯವನನ್ನು ಅವನ ನಂತರದ ಸೊಫೊಕ್ಲಿಸ್ ತಂದ ಅನ್ನುತ್ತಾನೆ ಅರಿಸ್ಟಾಟಲ್. ಮುಖವಾಡ ಬದಲಿಸಿ ಅವರೇ ಎಲ್ಲ ಪಾತ್ರ ಮಾಡುತ್ತಿದ್ದರು. ಉಳಿದಂತೆ ರಂಗ ತುಂಬಿಸುತ್ತಿದ್ದದ್ದು 12, ಆಮೇಲೆ 15 ಜನರ ಮೇಳ. ನಿಮ್ಮ ಹತ್ತು ಜನರ ಮೇಳ ಸಂತೆಯಾಗಬಹುದು, ಮಳೆಯ ಸದ್ದಾಗಬಹುದು, ಮುಚ್ಚಿದ ಬಾಗಿಲಾಗಬಹುದು, ನಾಯಕನ ತಲೆಯೊಳಗಿನ ಗೊಂದಲವೂ ಆಗಬಹುದು. ಇನ್ನು ಹತ್ತು-ಹನ್ನೊಂದು ಜನ ರಂಗದ ಹಿಂದೆ ಬೇಕೇ ಬೇಕು. ಹಾಗಾಗಿ 28 ಹೆಚ್ಚೇನಲ್ಲ.

ಆಡಿಷನ್‌ನಲ್ಲಿ ನಾನೇ ಚೆನ್ನಾಗಿ ಓದಿದ್ದೆ. ಆದ್ರೂ ಮುಖ್ಯ ಪಾತ್ರ ಬೇರೆಯವಳಿಗೆ ಕೊಟ್ರು. ಯಾಕೆ?

ನಿನ್ನ ನಿರ್ದೇಶಕರ ಮನಸ್ಸು ನನಗೆ ಗೊತ್ತಿಲ್ಲ, ನನ್ನದು ಹೇಳುತ್ತೇನೆ. ಒಬ್ಬರು ಓದುವಾಗ ನಾನು ನೋಡುವುದು ಎದುರಿಗಿರುವವರನ್ನು. ಒಮ್ಮೆ ಒಬ್ಬ ಹುಡುಗ ಭಾರೀ ಸ್ವಗತ ಒಪ್ಪಿಸಿದ. ಅವನಿಗೆ ಎದುರು ಮಾತು ಕೊಡಲೆಂದು ಕೂರಿಸಿದ್ದ ಹುಡುಗಿ ಆಡಿಷನ್‌ಗೆ ಹೆಸರೇ ಕೊಟ್ಟಿರಲಿಲ್ಲ. ಅವನು ಸುಳ್ಳು ಹೇಳುವ ಸಾಲು ಬಂದಾಗ ಅವಳು ಕಾಗದದಿಂದ ತಲೆ ಎತ್ತಿ ಅವನ ಮುಖ ನೋಡಿದಳು, ಅಷ್ಟೇ. ಪಾತ್ರ ಅವಳಿಗೆ ಹೋಯಿತು. ಕೇಳಿಸಿಕೊಳ್ಳುವವರಿಗೆ ಮಾತಾಡುವುದನ್ನು ಎರಡು ತಿಂಗಳಲ್ಲಿ ಕಲಿಸಬಹುದು. ತಿರುಗುಮುರುಗು ಮಾಡುವುದು ನನ್ನ ಕೈಲಿ ಆಗಿಲ್ಲ.

ಎತ್ತರ, ದನಿ, ಯಾರ ಜೊತೆ ಯಾರು ಹೊಂದುತ್ತಾರೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಕೆಲವು ಸಲ ನಿರ್ದೇಶಕರೇ ತಪ್ಪುತ್ತಾರೆ. ನಾನೂ ತಪ್ಪಿದ್ದೇನೆ.

## ತಾಲೀಮು

ಮಾತು ಬಾಯಿಪಾಠವೇ ಆಗ್ತಿಲ್ಲ. ರಾತ್ರಿಯೆಲ್ಲ ಓದಿದ್ರೂ ಬೆಳಿಗ್ಗೆ ಮರ್ತುಹೋಗುತ್ತೆ.

ರಾತ್ರಿಯೆಲ್ಲ ಓದಿದ್ದೇ ಕಾರಣ. ಹರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ತೋರಿಸಿದ ಸಂಗತಿ: ಒಂದೇ ಸಲಕ್ಕೆ ಗಿಡಿದು ತುಂಬಿದ್ದಕ್ಕಿಂತ, ಬಿಡುವು ಕೊಟ್ಟು ಕೊಟ್ಟು ಕಲಿತದ್ದು ಹೆಚ್ಚು ನಿಲ್ಲುತ್ತದೆ. ದಿನಕ್ಕೆ ಮೂರು ಸಲ, ಹದಿನೈದು ನಿಮಿಷದಂತೆ ಕೂರಿ. ಮಲಗುವ ಮುಂಚೆ ಒಮ್ಮೆ, ಎದ್ದ ಕೂಡಲೇ ಪುಸ್ತಕ ನೋಡದೆ ಒಮ್ಮೆ. ನೋಡದೆ ನೆನಪಿಸಿಕೊಳ್ಳಲು ಒದ್ದಾಡುವ ಆ ಹೊತ್ತಿನಲ್ಲೇ ಮಾತು ಬಾಯಿಗೆ ಹತ್ತುವುದು.

ಇನ್ನೊಂದು ತಪ್ಪು ಎಲ್ಲರೂ ಮಾಡುತ್ತಾರೆ. ತಮ್ಮ ಮಾತಿಗೆ ಮಾತ್ರ ಹಳದಿ ಬಣ್ಣ ಬಳಿದು ಅದಷ್ಟನ್ನೇ ಕಲಿಯುತ್ತಾರೆ. ನಿನ್ನ ಮಾತು ಹುಟ್ಟುವುದು ಎದುರಿನವರ ಕೊನೆಯ ಮಾತಿನಿಂದ. ಆ ಕ್ಯೂ ಕೆಳಗೂ ಗೆರೆ ಎಳೆ. ಫೋನಿನಲ್ಲಿ ಎದುರಿನವರ ಮಾತನ್ನು ಮಾತ್ರ ರೆಕಾರ್ಡ್ ಮಾಡಿ, ನಿನ್ನ ಮಾತಿನ ಜಾಗ ಖಾಲಿ ಬಿಟ್ಟು, ನಡೆಯುತ್ತಾ ಕೇಳು. ಇನ್ನೊಂದು, ಕಲಿಯುವಾಗ ರಾಗ ಹಾಕಬೇಡ, ಸಪ್ಪೆಯಾಗಿ ಹೇಳು. ಮನೆಯಲ್ಲಿ ಕನ್ನಡಿ ಮುಂದೆ ಕೂರಿಸಿಕೊಂಡ ರಾಗವನ್ನು ತಾಲೀಮಿನಲ್ಲಿ ಬಿಡಿಸುವುದು ನನಗೆ ದೊಡ್ಡ ತಲೆನೋವು.

ಕೊನೇ ಸಾಲಿಗೆ ಕೇಳಿಸ್ತಿಲ್ಲ ಅಂತಾರೆ. ಕಿರುಚಿದ್ರೆ ಗಂಟಲು ಕೂತುಹೋಗುತ್ತೆ.

ದನಿ ಸಾಲದ್ದಕ್ಕಿಂತ ವಾಕ್ಯದ ಬಾಲ ಬಿದ್ದುಹೋಗುವುದು ಇಲ್ಲಿ ಸಾಮಾನ್ಯ ಕಾಯಿಲೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ‘ಇಲ್ಲ’ ಅನ್ನುವುದೂ ಕೊನೆಗೇ ಬರುತ್ತದೆ. ‘ನಾನು ನಾಳೆ ನಿಮ್ಮ ಮನೆಗೆ ಬರೋ…’ ಅಂದು ಉಸಿರು ಮುಗಿದರೆ, ‘ಬರೋದುಂಟು’ ಅಂತಲೋ ‘ಬರೋದಿಲ್ಲ’ ಅಂತಲೋ ಹಿಂದೆ ಕೂತವರಿಗೆ ತಿಳಿಯುವುದು ಹೇಗೆ? ಇಡೀ ಕಥೆ ಆ ಎರಡು ಅಕ್ಷರದ ಮೇಲೆ ನಿಂತಿರಬಹುದು. ಹಾಗಾಗಿ ಉಸಿರು ಉಳಿಸಿಕೊಂಡು ಕೊನೆಯ ಪದವನ್ನು ಮೊದಲ ಪದದಷ್ಟೇ ಗಟ್ಟಿಯಾಗಿ ಇಡಿ. ಗೆಳೆಯನೊಬ್ಬನನ್ನು ಕೊನೇ ಸಾಲಿನಲ್ಲಿ ಕೂರಿಸಿ, ವಾಕ್ಯದ ಕೊನೇ ಪದ ಕೇಳಿಸದಾಗಲೆಲ್ಲ ಕೈ ಎತ್ತಲು ಹೇಳಿ. ಮೊದಲ ದಿನ ಅವನ ಕೈ ಕೆಳಗಿಳಿಯುವುದೇ ಇಲ್ಲ.

ಖಾಲಿ ಸಭಾಂಗಣದಲ್ಲಿ ಕೇಳಿಸಿದ್ದು ತುಂಬಿದ ಸಭಾಂಗಣದಲ್ಲಿ ಅಷ್ಟೇ ಕೇಳಿಸುವುದಿಲ್ಲ. ಜನರ ಬಟ್ಟೆಬರೆ ಸದ್ದನ್ನು ಹೀರಿಕೊಳ್ಳುತ್ತದೆ. ದನಿ ಒಡೆಯುವ ವಯಸ್ಸಿನ ಹುಡುಗರು ‘ರಾಜನ ದನಿ’ ಅಂತ ಬಲವಂತವಾಗಿ ತಗ್ಗಿಸಬಾರದು. ಗಂಟಲು ನೋವಿದ್ದರೆ ಸುಮ್ಮನಿರಿ. ಪಿಸುಗುಟ್ಟಿದರೆ ವಿಶ್ರಾಂತಿ ಅಂದುಕೊಳ್ಳುತ್ತಾರೆ, ಒತ್ತಿ ಪಿಸುಗುಟ್ಟುವುದೂ ಗಂಟಲಿಗೆ ಆಯಾಸವೇ.

ಸ್ಟೇಜ್ ಮೇಲೆ ಕೈ ಎಲ್ಲಿ ಇಟ್ಕೊಳ್ಳೋದು ಅಂತಾನೇ ಗೊತ್ತಾಗಲ್ಲ.

ಕೈಗೆ ಕೆಲಸ ಕೊಡು. ಒದ್ದೆ ಛತ್ರಿ ಮಡಿಸುತ್ತಾ, ಗುಂಡಿ ಕಿತ್ತ ಅಂಗಿಗೆ ದಾರ ಪೋಣಿಸುತ್ತಾ ಮಾತಾಡಿ ನೋಡು. ದಾರ ಸೂಜಿಯೊಳಗೆ ಹೋಗದೆ ಇದ್ದರೆ ಇನ್ನೂ ಒಳ್ಳೆಯದು.

ಬ್ಲಾಕಿಂಗ್ ಅಂದ್ರೇನು? ಪ್ರೇಕ್ಷಕರಿಗೆ ಬೆನ್ನು ತೋರಿಸಲೇಬಾರದಂತೆ, ಹೌದಾ?

ಯಾರು ಯಾವ ಮಾತಿಗೆ ಎಲ್ಲಿಂದ ಎಲ್ಲಿಗೆ ನಡೆಯುತ್ತಾರೆ, ಎಲ್ಲಿ ಕೂರುತ್ತಾರೆ ಅನ್ನುವ ನಕ್ಷೆಯೇ ಬ್ಲಾಕಿಂಗ್. ಎಡ-ಬಲ ಯಾವಾಗಲೂ ಪ್ರೇಕ್ಷಕರತ್ತ ಮುಖ ಮಾಡಿ ನಿಂತ ನಟನದ್ದು. ಪ್ರೇಕ್ಷಕರಿಗೆ ಹತ್ತಿರದ್ದು ಡೌನ್‌ಸ್ಟೇಜ್, ಹಿಂದಿನದು ಅಪ್‌ಸ್ಟೇಜ್. ಹಿಂದಿನ ಕಾಲದ ರಂಗಗಳು ಪ್ರೇಕ್ಷಕರತ್ತ ಇಳಿಜಾರಾಗಿದ್ದುದರಿಂದ ಹಿಂಭಾಗ ನಿಜಕ್ಕೂ ಮೇಲಿತ್ತು, ಹೆಸರು ಹಾಗೇ ಉಳಿಯಿತು. ಎಲ್ಲವನ್ನೂ ಪೆನ್ಸಿಲ್ಲಿನಲ್ಲೇ ಗುರುತು ಹಾಕಿಕೊಳ್ಳಿ, ಮೂರು ಸಲವಾದರೂ ಬದಲಾಗುತ್ತದೆ.

ಬೆನ್ನು ತೋರಿಸಬಾರದು ಅನ್ನುವುದು ಹಳೇ ಭಯ. ಕೆಟ್ಟ ಸುದ್ದಿ ಕೇಳಿದ ತಾಯಿ ನಿಧಾನಕ್ಕೆ ಬೆನ್ನು ತಿರುಗಿಸಿ ಕಿಟಕಿಯ ಕಡೆ ನಿಂತರೆ ಅದನ್ನು ಮೀರಿಸುವ ಮುಖಭಾವ ಇಲ್ಲ. ಆದರೆ ಆಗ ಅವಳು ಮಾತಾಡಬಾರದು. ಇನ್ನು ಎಲ್ಲರೂ ಒಂದೇ ಸಾಲಿನಲ್ಲಿ ಫೋಟೋಕ್ಕೆ ನಿಂತಂತೆ ನಿಲ್ಲುವುದು ಬೆನ್ನು ತೋರಿಸುವುದಕ್ಕಿಂತ ಹತ್ತು ಪಾಲು ಕೆಟ್ಟದ್ದು.

ಅಳೋ ಸೀನಲ್ಲಿ ನಗು ಬರುತ್ತೆ. ಅಪ್ಪಿಕೊಳ್ಳೋ ಸೀನಂತೂ ಆಗೋದೇ ಇಲ್ಲ.

ನಗು ಬರುವುದು ಮುಜುಗರಕ್ಕೆ. ತಾಲೀಮಿನಲ್ಲಿ ನಗಲು ಬಿಡಿ, ಆ ದೃಶ್ಯವನ್ನು ಹತ್ತು ಸಲ ಮಾಡಿ. ಏಳನೇ ಸಲಕ್ಕೆ ನಗು ತಾನೇ ಬೇಸತ್ತು ಹೋಗುತ್ತದೆ. ‘ಅಳು’ ಅಂತ ಯಾರಿಗೂ ಹೇಳಬೇಡಿ. ನಿಜಜೀವನದಲ್ಲಿ ಅಳು ಬಂದವರು ಅಳದೆ ಇರಲು ಹೆಣಗುತ್ತಾರೆ, ಅದನ್ನೇ ಆಡಿ. ರಷ್ಯದ ರಂಗ ನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿ (1863–1938) ನಟರಿಗೆ ಕೇಳಿಸುತ್ತಿದ್ದ ಪ್ರಶ್ನೆಗಳು ಹೈಸ್ಕೂಲಿಗೂ ಸಲ್ಲುತ್ತವೆ: ಇದು ಎಂಥ ಸಂದರ್ಭ? ನಾನು ಇದರಲ್ಲಿ ಸಿಕ್ಕಿಕೊಂಡಿದ್ದರೆ ಏನು ಮಾಡುತ್ತಿದ್ದೆ? ಎದುರಿನವರಿಂದ ನನಗೆ ಏನಾಗಬೇಕು? ಏನಾಗಬೇಕು ಅನ್ನುವುದು ಗೊತ್ತಿರುವ ಹುಡುಗನಿಗೆ ನಗಲು ಪುರುಸೊತ್ತಿರುವುದಿಲ್ಲ.

ಮುಟ್ಟುವ ಯಾವುದೇ ದೃಶ್ಯಕ್ಕೆ ಇಬ್ಬರೂ ಬಾಯಿಬಿಟ್ಟು ಒಪ್ಪಿರಬೇಕು. ಎಲ್ಲಿ, ಎಷ್ಟು ಹೊತ್ತು ಅನ್ನುವುದು ಮೊದಲೇ ತೀರ್ಮಾನ, ಪ್ರದರ್ಶನದ ದಿನ ಅದರಲ್ಲಿ ಹೊಸದೇನೂ ಇಲ್ಲ. ಒಬ್ಬರು ಬೇಡ ಅಂದರೆ ದೃಶ್ಯ ಬದಲಿಸಿ. ಮೂರು ಹೆಜ್ಜೆ ದೂರದಲ್ಲಿ ನಿಂತು, ಅವನು ಬಿಟ್ಟುಹೋಗುವ ಶಾಲನ್ನು ಅವಳು ಎತ್ತಿಕೊಂಡರೆ ಅಪ್ಪುಗೆಗಿಂತ ಕಮ್ಮಿ ಏನಾಗುವುದಿಲ್ಲ.

## ರಂಗದ ಹಿಂದೆ

ಬ್ಯಾಕ್‌ಸ್ಟೇಜ್ ಅಂದ್ರೆ ಕುರ್ಚಿ ಎತ್ತೋ ಕೆಲಸ ತಾನೇ? ಅದಕ್ಕೆ ಯಾರೂ ಬರ್ತಿಲ್ಲ.

ಕುರ್ಚಿ ಎತ್ತುವ ಕೆಲಸ ಅಂತ ಕರೆದರೆ ಯಾರೂ ಬರುವುದಿಲ್ಲ. ಪರದೆ ಎದ್ದ ಮೇಲೆ ನಾಟಕ ನಡೆಸುವವರು ನಿರ್ದೇಶಕರಲ್ಲ, ಸ್ಟೇಜ್ ಮ್ಯಾನೇಜರ್. ಎಲ್ಲ ಚಲನೆ, ಬೆಳಕು, ಸದ್ದು ಬರೆದ ಪ್ರಾಂಪ್ಟ್ ಪುಸ್ತಕ ಆ ವಿದ್ಯಾರ್ಥಿಯ ಕೈಯಲ್ಲಿರುತ್ತದೆ. ‘ಲೈಟು ಹನ್ನೆರಡು, ರೆಡಿ… ಗೋ’ ಅಂದರಷ್ಟೇ ಹನ್ನೆರಡನೇ ಬೆಳಕು ಬರುವುದು. ನನ್ನ ಅತ್ಯಂತ ಜವಾಬ್ದಾರಿಯ ಮಕ್ಕಳನ್ನು ನಾನು ನಟನೆಗೆ ಬಿಟ್ಟುಕೊಡದೆ ಇಲ್ಲಿಗೆ ಎಳೆದುಕೊಳ್ಳುತ್ತೇನೆ, ಗುಟ್ಟಾಗಿ.

ಒಂದು ಸಣ್ಣ ಉಪಾಯ. ಸೈಡ್ ವಿಂಗ್‌ನಲ್ಲಿ, ಅಂದರೆ ರಂಗದ ಪಕ್ಕದ ಮರೆಯಲ್ಲಿ, ಒಂದು ಮೇಜಿಟ್ಟು ಮೇಲೆ ಕಂದು ಕಾಗದ ಹಾಸಿ. ಪ್ರತಿಯೊಂದು ಪರಿಕರವನ್ನೂ ಅದರ ಮೇಲಿಟ್ಟು ಸುತ್ತ ಗೆರೆ ಎಳೆದು ಹೆಸರು ಬರೆಯಿರಿ: ಪತ್ರ, ಟಾರ್ಚು, ಬೀಗದ ಕೈ, ತಾತನ ಕನ್ನಡಕ. ಬಳಸಿದವರು ವಾಪಸ್ ಅದೇ ಗೆರೆಯೊಳಗೆ ಇಡಬೇಕು. ಒಂದು ಸಲ ಪರದೆ ಏಳಲು ಐದು ನಿಮಿಷ ಇದ್ದಾಗ ಕನ್ನಡಕದ ಗೆರೆ ಖಾಲಿ. ಇಡೀ ಗ್ರೀನ್ ರೂಮ್ ತಡಕಾಡಿದೆವು. ಕನ್ನಡಕ ತಾತನ ಪಾತ್ರದ ಹುಡುಗನ ತಲೆಯ ಮೇಲೆಯೇ ಇತ್ತು. ಅವನೂ ನಮ್ಮ ಜೊತೆ ಹುಡುಕುತ್ತಿದ್ದ. ಗೆರೆ ಇಲ್ಲದಿದ್ದರೆ ಅದು ಕಾಣೆಯಾದದ್ದೇ ಮೂರನೇ ದೃಶ್ಯದಲ್ಲಿ ಗೊತ್ತಾಗುತ್ತಿತ್ತು.

ನಮ್ಮ ಹತ್ರ ಎರಡೇ ಲೈಟಿದೆ. ಏನು ಮಾಡಬಹುದು?

ಎರಡನ್ನೂ ಎದುರಿನಿಂದ ನೇರ ಬಿಡಬೇಡಿ, ಮುಖ ರೊಟ್ಟಿ ತಟ್ಟಿದಂತೆ ಚಪ್ಪಟೆ ಕಾಣುತ್ತದೆ. ಒಂದನ್ನು ಎಡಗಡೆಯಿಂದ, ಒಂದನ್ನು ಬಲಗಡೆಯಿಂದ, ಸುಮಾರು 45 ಡಿಗ್ರಿ ಕೋನದಲ್ಲಿ, ಎತ್ತರದಿಂದ ಬಿಡಿ. ಒಂದಕ್ಕೆ ಬೆಚ್ಚನೆಯ ತಿಳಿ ಹಳದಿ ಹಾಳೆ, ಇನ್ನೊಂದಕ್ಕೆ ತಿಳಿ ನೀಲಿ. ಅಮೆರಿಕದ ರಂಗಬೆಳಕಿನ ಮೇಷ್ಟ್ರು ಸ್ಟ್ಯಾನ್ಲಿ ಮೆಕ್‌ಕ್ಯಾಂಡ್‌ಲೆಸ್ 1932ರಲ್ಲಿ ಬರೆದಿಟ್ಟ ಈ ಪದ್ಧತಿ ಇಂದಿಗೂ ಕಲಿಕೆಯ ಮೊದಲ ಪಾಠ. ದೀಪಕ್ಕೆಂದೇ ಮಾಡಿದ ಜೆಲ್ ಹಾಳೆಯನ್ನೇ ಬಳಸಿ. ಬಿಸಿ ದೀಪಕ್ಕೆ ಬಣ್ಣದ ಕಾಗದ ಅಂಟಿಸಿದರೆ ಹೊತ್ತಿಕೊಳ್ಳುತ್ತದೆ. ಎಕ್ಸ್‌ಟೆನ್ಷನ್ ವೈರನ್ನು ಸುರುಳಿಯಲ್ಲೇ ಬಿಟ್ಟು ದೊಡ್ಡ ದೀಪ ಉರಿಸಬೇಡಿ, ಒಳಗೊಳಗೇ ಕಾಯುತ್ತದೆ. ಪೂರ್ತಿ ಬಿಚ್ಚಿ ಹಾಸಿ.

ಹಾಡು, ಸದ್ದು ಎಲ್ಲಾ ಫೋನಿಂದ ಬಿಡಬಹುದಾ?

ಬಿಡಬಹುದು. ಮೊದಲು ಏರೋಪ್ಲೇನ್ ಮೋಡ್‌ಗೆ ಹಾಕಿ. ರಾಜನ ಮರಣಶಯ್ಯೆಯಲ್ಲಿ ಯಾರದೋ ಅಲಾರಾಂ ಬಡಿದದ್ದನ್ನು ನಾನು ಕೇಳಿದ್ದೇನೆ, ಹಾಗಾಗಿ ಅಲಾರಾಂ ಕೂಡ ತೆಗೆಯಿರಿ.

## ಪ್ರದರ್ಶನದ ಹೊತ್ತು

ಗ್ರ್ಯಾಂಡ್ ರಿಹರ್ಸಲ್ ಕೆಟ್ಟರೆ ನಾಟಕ ಚೆನ್ನಾಗಾಗುತ್ತಂತೆ?

ಗ್ರ್ಯಾಂಡ್ ರಿಹರ್ಸಲ್ ಕೆಟ್ಟವರು ಹೇಳಿಕೊಳ್ಳುವ ಸಮಾಧಾನ ಅದು. ಕೆಡುವುದಕ್ಕೆ ಸಾಮಾನ್ಯ ಕಾರಣ, ವೇಷ, ಬೆಳಕು, ಸದ್ದು, ಸೆಟ್ಟು ಎಲ್ಲವೂ ಅದೇ ದಿನ ಮೊದಲ ಸಲ ಒಟ್ಟಾಗುವುದು. ಅದಕ್ಕೂ ಎರಡು ದಿನ ಮುಂಚೆ ಬರೀ ತಾಂತ್ರಿಕ ತಾಲೀಮು ಇಟ್ಟುಕೊಳ್ಳಿ. ಪೂರ್ತಿ ಮಾತು ಬೇಡ, ಬೆಳಕು, ಸದ್ದು ಬದಲಾಗುವ ಒಂದು ಕ್ಯೂನಿಂದ ಇನ್ನೊಂದು ಕ್ಯೂಗೆ ಹಾರುತ್ತಾ ಹೋಗಿ. ನಟರಿಗೆ ಬೇಜಾರಾಗುತ್ತದೆ, ಆಗಲಿ.

ಚಿಕ್ಕ ಮಕ್ಕಳು ಓಡಾಡ್ತಾರೆ ಅಂತ ಹಾಲ್‌ನ ಪಕ್ಕದ ಬಾಗಿಲಿಗೆ ಬೀಗ ಹಾಕಿದ್ರೆ ತಪ್ಪಾ?

ತಪ್ಪು. 1903ರ ಡಿಸೆಂಬರ್ 30ರಂದು ಷಿಕಾಗೋದ ಇರೊಕ್ವಾ ಥಿಯೇಟರಿನಲ್ಲಿ ಮಧ್ಯಾಹ್ನದ ಪ್ರದರ್ಶನ ನಡೆಯುತ್ತಿತ್ತು. ರಜೆಯ ದಿನಗಳಾದ್ದರಿಂದ ತುಂಬಿದ್ದವರಲ್ಲಿ ಹೆಂಗಸರು, ಮಕ್ಕಳೇ ಹೆಚ್ಚು. ರಂಗದ ದೀಪವೊಂದರ ಕಿಡಿ ಪರದೆಗೆ ತಗುಲಿತು. ಬೆಂಕಿ ತಾಗದ ಕಟ್ಟಡವೆಂದು ಜಾಹೀರಾತು ಮಾಡಿಕೊಂಡಿದ್ದ ಆ ಹೊಸ ಥಿಯೇಟರಿನಲ್ಲಿ ಕೆಲವು ಬಾಗಿಲುಗಳಿಗೆ ಬೀಗ ಬಿದ್ದಿತ್ತು, ಕೆಲವು ಒಳಮುಖವಾಗಿ ತೆರೆಯುವಂಥವು, ನೂಕುನುಗ್ಗಲಿನಲ್ಲಿ ಎಳೆಯಲು ಆಗಲೇ ಇಲ್ಲ. 600ಕ್ಕೂ ಹೆಚ್ಚು ಜನ ಸತ್ತರು. ಸಾರ್ವಜನಿಕ ಕಟ್ಟಡಗಳ ಬಾಗಿಲು ಹೊರಕ್ಕೆ ತೆರೆಯಬೇಕು, ಒಳಗಿನವರು ತಳ್ಳಿದರೆ ಸಾಕು ತೆಗೆದುಕೊಳ್ಳಬೇಕು ಅನ್ನುವ ನಿಯಮಗಳು ಬಿಗಿಯಾದದ್ದು ಅದರ ಮೇಲೆ. ಬಾಗಿಲ ಬಳಿ ಬೀಗದ ಬದಲು ಇಬ್ಬರು ದೊಡ್ಡ ಹುಡುಗರನ್ನು ನಿಲ್ಲಿಸಿ. ನಡೆಯುವ ದಾರಿಯಲ್ಲಿ ‘ಒಂದೇ ಒಂದು’ ಹೆಚ್ಚುವರಿ ಕುರ್ಚಿಯೂ ಬೇಡ.

ಪರದೆ ಏಳೋ ಮುಂಚೆ ಕೈಕಾಲು ನಡುಗುತ್ತೆ. ಏನ್ಮಾಡ್ಲಿ?

ನಡುಗಲಿ. ಒಳಗೆಳೆದ ಉಸಿರಿಗಿಂತ ಹೊರಬಿಡುವ ಉಸಿರು ಉದ್ದವಾಗಿರಲಿ, ಹತ್ತು ಸಲ. ಪರದೆ ಸರಿಸಿ ಅಮ್ಮ ಬಂದಿದ್ದಾರಾ ಅಂತ ನೋಡಬೇಡ. ಮೊದಲ ಮಾತನ್ನಲ್ಲ, ಅದಕ್ಕೂ ಮುಂಚೆ ಎದುರಿನವರು ಹೇಳುವ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಒಳಗೆ ಹೋಗು.

ಮಧ್ಯದಲ್ಲಿ ಮಾತು ಮರ್ತುಹೋದ್ರೆ?

ಮರೆತವರು ಮಾಡಬೇಕಾದ್ದು ಕಡಿಮೆ: ಪಾತ್ರ ಬಿಡದೆ ನಿಲ್ಲು, ನಾಲಿಗೆ ಕಚ್ಚಬೇಡ, ನಿರ್ದೇಶಕರ ಕಡೆ ನೋಡಬೇಡ. ನಿನಗೆ ಯುಗದಂತೆ ಕಂಡದ್ದು ಪ್ರೇಕ್ಷಕರಿಗೆ ಎರಡು ಸೆಕೆಂಡಿನ ಮೌನ.

ಕಾಪಾಡುವುದು ಎದುರಿನವರ ಕೆಲಸ. ಒಮ್ಮೆ ನಮ್ಮ ಹುಡುಗನೊಬ್ಬ ಎರಡು ಪುಟ ಹಾರಿಸಿಬಿಟ್ಟ. ಇನ್ನೂ ಓದಿಲ್ಲದ ಪತ್ರವನ್ನು ಓದಿ ಆಯಿತೆಂಬಂತೆ ಕೂಗಾಡತೊಡಗಿದ. ಎದುರಿದ್ದವಳು ಅರೆಕ್ಷಣ ನಿಂತು, ‘ಅಣ್ಣಾ, ಯಾರೋ ಹೇಳಿದ್ದು ಕೇಳಿ ಕೂಗಾಡಬೇಡ. ಪತ್ರ ಇಲ್ಲೇ ಇದೆ, ಮೊದಲು ಓದು’ ಅಂದು ಕೈಗಿಟ್ಟಳು. ನಾಟಕ ಹಳಿಗೆ ಬಂತು. ಅವಳಿಗೆ ಅವನ ಮಾತೂ ಗೊತ್ತಿತ್ತು, ಅದಕ್ಕೇ ಸಾಧ್ಯವಾಯಿತು. ತಾಲೀಮಿನಲ್ಲಿ ಬೇಕಂತಲೇ ಒಬ್ಬರಿಗೆ ಮಾತು ತಪ್ಪಿಸಲು ಹೇಳಿ ಇಂಥದ್ದನ್ನು ಅಭ್ಯಾಸ ಮಾಡಿ.

ಪ್ರಾಂಪ್ಟ್ ಮಾಡುವವರು, ಅಂದರೆ ಮರೆಯಿಂದ ಮಾತು ನೆನಪಿಸುವವರು, ಮೊದಲ ಎರಡು ಪದ ಮಾತ್ರ, ಸ್ಪಷ್ಟವಾಗಿ ಕೊಡಬೇಕು. ಪಿಸುಪಿಸು ಇಡೀ ವಾಕ್ಯ ಓದಿದರೆ ಪ್ರೇಕ್ಷಕರಿಗೆ ಕೇಳಿಸುತ್ತದೆ, ನಟನಿಗೆ ಕೇಳಿಸುವುದಿಲ್ಲ. ಬೇಕೆಂದೇ ಇಟ್ಟ ಮೌನಗಳನ್ನು ಪುಸ್ತಕದಲ್ಲಿ ಗುರುತು ಹಾಕಿರಿ, ಇಲ್ಲದಿದ್ದರೆ ಒಳ್ಳೆಯ ಮೌನದೊಳಗೆ ವಿಂಗ್‌ನಿಂದ ಮಾತು ತೂರಿಬರುತ್ತದೆ.

## ಒಂದೆರಡು ನಾಟಕ ಆದವರಿಗೆ

ನಾನೇ ನಿರ್ದೇಶನ ಮಾಡ್ತಿದ್ದೀನಿ, ಹತ್ತನೇ ಕ್ಲಾಸು. ಗೆಳೆಯರು ನನ್ನ ಮಾತೇ ಕೇಳಲ್ಲ.

ನೀನು ಆಡಿ ತೋರಿಸುತ್ತಿದ್ದೀಯ ಅಂತ ನನ್ನ ಅನುಮಾನ. ‘ಹೀಗೆ ಹೇಳೋ’ ಅಂದರೆ ಅವರು ನಿನ್ನ ನಕಲು ಮಾಡಬೇಕು ಅಥವಾ ಜಗಳ ಆಡಬೇಕು. ಬದಲಿಗೆ ಕೇಳು: ‘ಅವಳು ಬಾಗಿಲು ಹಾಕಿದ್ದು ಯಾಕೆ? ನಿನಗೆ ಗೊತ್ತಾಯ್ತಾ?’ ದೃಶ್ಯದ ಮಧ್ಯೆ ನಿಲ್ಲಿಸಬೇಡ, ಬರೆದುಕೊಂಡು ಕೊನೆಗೆ ಹೇಳು. ಒಬ್ಬರಿಗೆ ದಿನಕ್ಕೆ ಎರಡೇ ಟಿಪ್ಪಣಿ. ನಿನಗೆ ಇಪ್ಪತ್ತು ಕಂಡಿರುತ್ತವೆ, ಹದಿನೆಂಟನ್ನು ನುಂಗಿಕೋ. ಮತ್ತೆ, ಸಮಯಕ್ಕೆ ಸರಿಯಾಗಿ ಶುರು ಮಾಡು, ಸಮಯಕ್ಕೆ ಸರಿಯಾಗಿ ಬಿಡು. ಹೊತ್ತಿಗೆ ಬಿಡುವವರ ಮಾತನ್ನು ಜನ ಕೇಳುತ್ತಾರೆ.

ಮೊದಲ ದಿನ ಸೂಪರ್ ಆಯ್ತು, ಎರಡನೇ ದಿನ ಸಪ್ಪೆ. ಜನ ನಗಲೇ ಇಲ್ಲ. ಏನಾಯ್ತು?

ನೀವು ನಿನ್ನೆಯ ನಗುವಿಗೆ ಕಾದಿರಿ. ಜೋಕಿನ ಮಾತು ಹೇಳಿ, ಮುಖ ಅರಳಿಸಿ, ಪ್ರೇಕ್ಷಕರ ಕಡೆ ಕಿವಿ ಕೊಟ್ಟು ನಿಂತಿರಿ. ನಿನ್ನೆ ಆ ಮಾತನ್ನು ಎದುರಿನ ಪಾತ್ರಕ್ಕೆ ಹೇಳಿದ್ದಿರಿ. ಇವತ್ತು ಸಭೆಗೆ ಹೇಳಿದಿರಿ. ಎರಡನೇ ಪ್ರದರ್ಶನಕ್ಕೆ ಮುಂಚೆ ನಾನು ಎಲ್ಲರನ್ನೂ ವೃತ್ತವಾಗಿ ಕೂರಿಸಿ, ನಾಟಕವನ್ನು ಅಭಿನಯವಿಲ್ಲದೆ, ಒಬ್ಬರ ಮುಖ ಒಬ್ಬರು ನೋಡುತ್ತಾ ಬೇಗಬೇಗ ಹೇಳಿಸುತ್ತೇನೆ. ಇಪ್ಪತ್ತು ನಿಮಿಷದ ಕೆಲಸ, ಬಹಳ ಮಟ್ಟಿಗೆ ರಿಪೇರಿಯಾಗುತ್ತದೆ.

ನಗು ಬಂದಾಗ ಏನು ಮಾಡಬೇಕು ಅನ್ನುವುದೂ ಕಲಿಯಬೇಕಾದ್ದೇ. ನಗು ಏರುವಾಗ ಮಾತಾಡಿದರೆ ಮುಂದಿನ ಸಾಲು ಮುಳುಗುತ್ತದೆ. ಪೂರ್ತಿ ನಿಲ್ಲುವವರೆಗೆ ಕಾದರೆ ನಾಟಕ ತಣ್ಣಗಾಗುತ್ತದೆ. ನಗು ತುದಿ ಮುಟ್ಟಿ ಇಳಿಯತೊಡಗಿದಾಗ ಮುಂದಿನ ಮಾತು ಹಿಡಿಯಬೇಕು. ಅಲ್ಲಿಯವರೆಗೆ ಪಾತ್ರವಾಗಿಯೇ ಏನಾದರೂ ಮಾಡುತ್ತಿರಿ.

ನಾಟಕ ಮುಗಿದ ಮೇಲೆ ಎಲ್ಲರೂ ಫೋಟೋ ತೆಗೆಸ್ಕೊಂಡು ಹೋಗಿಬಿಡ್ತಾರೆ. ಸೆಟ್ ಕಳಚೋಕೆ ನಾವು ನಾಲ್ಕೇ ಜನ ಉಳೀತೀವಿ.

ಇದನ್ನು ಪಾತ್ರ ಹಂಚುವ ದಿನವೇ ಹೇಳಿರಬೇಕು: ಪಾತ್ರ ಬೇಕಾದರೆ ಸೆಟ್ ಕಳಚಲೂ ಇರಬೇಕು, ರಾಜನೂ ಬರಬೇಕು. ಹೆಸರು ಹಚ್ಚಿ ಕೆಲಸ ಹಂಚಿ. ಇಬ್ಬರು ಮೊಳೆ ಹೆಕ್ಕಲು, ಇಬ್ಬರು ವೇಷ ಎಣಿಸಲು, ಒಬ್ಬರು ಎರವಲು ತಂದ ವಸ್ತುಗಳ ಪಟ್ಟಿ ಹಿಡಿಯಲು. ತಂದ ಕುರ್ಚಿಗೆ ಗೀರು ಬಿದ್ದಿದ್ದರೆ ಕೊಟ್ಟವರು ನೋಡುವ ಮುಂಚೆ ನೀವೇ ಹೇಳಿ, ಮುಂದಿನ ವರ್ಷವೂ ಕುರ್ಚಿ ಬೇಕಲ್ಲ. ಪ್ರಾಂಪ್ಟ್ ಪುಸ್ತಕದ ಮೇಲೆ ವರ್ಷ ಬರೆದು ಬೀರುವಿನಲ್ಲಿಡಿ. ನೆಲದ ಮೇಲಿನ ಟೇಪಿನ ಗುರುತುಗಳನ್ನು ಅದೇ ಸಂಜೆ ಕೀಳಿಸಿ. ಒಂದು ವಾರ ಬಿಟ್ಟರೆ ಟೇಪು ಬಂದರೂ ಅಂಟು ಬರುವುದಿಲ್ಲ, ಅದನ್ನು ಉಜ್ಜುತ್ತಾ ಕೂರುವವರು ಮತ್ತೆ ಅದೇ ನಾಲ್ಕು ಜನ.